ಮನೆ ಮುಂದೆ ಕಡಲು, ಬಾವಿಯಲ್ಲಿ ಉಪ್ಪುನೀರು

ಪ್ರಶ್ನೆ: ಸರ್, ನಮ್ಮದು ಮಲ್ಪೆ ಸಮೀಪದ ಪಡುಕರೆ. ಪಡುವಿಗೆ ಇನ್ನೂರು ಹೆಜ್ಜೆ ಹೋದರೆ ಕಡಲು, ಮೂಡಿಗೆ ಹೊಳೆ, ನಡುವಿನ ಹೊಯ್ಗೆಯಲ್ಲಿ (ಮರಳಿನಲ್ಲಿ) ಮನೆ. ಮನೆಯಲ್ಲಿ ರಕ್ತದೊತ್ತಡವಿರುವ ತಾಯಿ ಮತ್ತು ಎಂಟು ತಿಂಗಳ ಮೊಮ್ಮಗು ಸೇರಿ ಐದು ಜನ ಇದ್ದೇವೆ. ನಮ್ಮ ಬಾವಿಯಲ್ಲಿ ಹಿಂದೆ ಪತ್ತನಾಜೆಯವರೆಗೂ (ಮೇ ಕೊನೆಯವರೆಗೂ) ಸಿಹಿನೀರು ಸಿಗುತ್ತಿತ್ತು. ಈಗ ಮೂರು ವರ್ಷಗಳಿಂದ ಮಾರ್ಚ್ ಕಳೆಯುವುದರೊಳಗೆ ನೀರು ಉಪ್ಪಾಗುತ್ತದೆ. ಎರಡು ವರ್ಷದ ಹಿಂದೆ ಆರು ಅಡಿ ಆಳ ಮಾಡಿಸಿ ರಿಂಗ್ ಇಳಿಸಿ, ಒಂದು ಎಚ್‌ಪಿ ಪಂಪು ಕೂರಿಸಿದೆವು. ನೀರು ಹೆಚ್ಚಾಯಿತು, ಅದರೊಂದಿಗೆ ಉಪ್ಪೂ ಹೆಚ್ಚಾಯಿತು. ಟ್ಯಾಂಕರ್ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಷ್ಟು ದೊಡ್ಡ ಕಡಲು ಎದುರಿಗಿರುವಾಗ ಅದರ ನೀರನ್ನು ಕಾಯಿಸಿಯೋ ಮನೆಯ ಆರ್‌ಒ ಫಿಲ್ಟರಿಗೆ ಹಾಕಿಯೋ ಕುಡಿಯಲು ಬರುವುದಿಲ್ಲವೇ? ಕುಡಿಯಲು ಆಗದಿದ್ದರೆ ಸ್ನಾನ, ಬಟ್ಟೆ, ಶೌಚಾಲಯಕ್ಕಾದರೂ ಆಗದೇ? ಬಾವಿಗೆ ಸುಣ್ಣ ಮತ್ತು ಇದ್ದಿಲು ಹಾಕಿದರೆ ಉಪ್ಪು ಹೋಗುತ್ತದೆ ಎಂದು ಒಬ್ಬರು, ಪೈಪಿಗೆ ಸಾಫ್ಟನರ್ ಕೂರಿಸಿ ಎಂದು ಅಂಗಡಿಯವರು, ಬೋರ್‌ವೆಲ್ ಕೊರೆಸಿ ಎಂದು ನೆರೆಯವರು ಹೇಳುತ್ತಾರೆ. ಅಮ್ಮನದು ಇನ್ನೊಂದು ಪ್ರಶ್ನೆ: ಮೀನು ತೊಳೆಯಲಿಕ್ಕಾದರೂ ಕಡಲ ನೀರು ಆಗಬಹುದಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿದ್ದರೂ ಅವು ಕೊನೆಗೆ ಎರಡರಲ್ಲಿ ಸೇರುತ್ತವೆ. ಕಡಲ ನೀರನ್ನು ಹೇಗಾದರೂ ಮನೆಬಳಕೆಗೆ ಒಗ್ಗಿಸಿಕೊಳ್ಳಬಹುದೇ ಎಂಬುದು ಒಂದು, ಉಪ್ಪಾದ ಬಾವಿ ಮರಳಿ ಸಿಹಿಯಾದೀತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಇಲ್ಲ ಎಂದೇ. ಎರಡನೆಯದಕ್ಕೆ ಆಸೆ ಇದೆ, ಆದರೆ ಅದಕ್ಕಾಗಿ ಎರಡು ವರ್ಷದ ಹಿಂದೆ ಖರ್ಚು ಮಾಡಿ ಮಾಡಿಸಿದ ಕೆಲಸವನ್ನೇ ಭಾಗಶಃ ಹಿಂದೆ ತೆಗೆದುಕೊಳ್ಳಬೇಕಾದೀತು. ಇದನ್ನು ಓದಿ ಬೇಸರಪಡಬೇಡಿ. ಕಡಲ ಕರೆಯಲ್ಲಿ ನಾನು ನೋಡಿದ ಉಪ್ಪಾದ ಬಾವಿಗಳಲ್ಲಿ ಹೆಚ್ಚಿನವು ನೀರು ಸಾಲದೆಂದು ಆಳ ಮಾಡಿಸಿದ ಮೇಲೆಯೇ ಕೆಟ್ಟಿವೆ.

ನೀರು ಪರೀಕ್ಷೆ ಕಲಿಯಲು ನಮ್ಮಲ್ಲಿಗೆ ಬರುವ ಹುಡುಗರಿಂದ ನಾನು ಮೊದಲ ದಿನ ಒಂದು ಸಣ್ಣ ಕೆಲಸ ಮಾಡಿಸುತ್ತೇನೆ. ಪಣಂಬೂರಿನಿಂದ ತಂದ ಒಂದು ಲೀಟರ್ ಕಡಲ ನೀರನ್ನು ಸ್ಟೀಲಿನ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಬತ್ತಿಸಬೇಕು. ಅರ್ಧ ಬತ್ತುವಾಗ ತಳದಲ್ಲಿ ಬಿಳಿಯ ಗಸಿ ಕೂರುತ್ತದೆ, ಮುಕ್ಕಾಲು ಮೀರಿದ ಮೇಲೆ ಅಂಚಿನಲ್ಲಿ ಹರಳು ಕಟ್ಟುತ್ತದೆ, ಪೂರ್ತಿ ಬತ್ತಿದಾಗ ಪಾತ್ರೆಯಲ್ಲಿ ಉಳಿಯುವುದು ಸುಮಾರು 35 ಗ್ರಾಂ, ಎಂದರೆ ಆರೇಳು ಚಹಾ ಚಮಚದಷ್ಟು ಉಪ್ಪು. ಆ ಪಾತ್ರೆಯನ್ನು ಮುಚ್ಚದೆ ಇಟ್ಟು ಮರುದಿನ ಬೆಳಿಗ್ಗೆ ನೋಡಿದರೆ ಒಣಗಿದ್ದ ಉಪ್ಪು ಗಾಳಿಯ ತೇವ ಹೀರಿ ಒದ್ದೆಯಾಗಿರುತ್ತದೆ. ಅದು ಬರಿಯ ಅಡುಗೆ ಉಪ್ಪಲ್ಲ ಎನ್ನುವುದಕ್ಕೆ ಇದೇ ಗುರುತು. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 19 ಗ್ರಾಂ ಕ್ಲೋರೈಡ್, 11 ಗ್ರಾಂ ಸೋಡಿಯಂ ಇರುವುದಲ್ಲದೆ 2.7 ಗ್ರಾಂ ಸಲ್ಫೇಟ್, 1.3 ಗ್ರಾಂ ಮೆಗ್ನೀಷಿಯಂ, ಅರ್ಧ ಗ್ರಾಂಗೆ ತುಸು ಕಡಿಮೆ ಕ್ಯಾಲ್ಸಿಯಂ ಕೂಡ ಇದೆ. ಗಾಳಿಯ ತೇವ ಹೀರುವುದು ಮುಖ್ಯವಾಗಿ ಮೆಗ್ನೀಷಿಯಂ ಕ್ಲೋರೈಡ್. ಈ ಒದ್ದೆ ಉಪ್ಪನ್ನು ನೆನಪಿನಲ್ಲಿಟ್ಟುಕೊಳ್ಳಿ, ಬಟ್ಟೆ ಒಗೆಯುವ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಕಾಯಿಸುವ ಪ್ರಶ್ನೆಗೆ ಉತ್ತರವೂ ಅದೇ ಪಾತ್ರೆಯಲ್ಲಿದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಸಾಯುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರವಾದ್ದರಿಂದ ಕಾಯಿಸಿದಷ್ಟೂ ಉಳಿದ ನೀರು ಇನ್ನಷ್ಟು ಉಪ್ಪಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಹೊಯ್ಗೆ-ಇದ್ದಿಲಿನ ಪದರದಲ್ಲಿ ಇಳಿಸುವುದು, ಕ್ಯಾಂಡಲ್ ಫಿಲ್ಟರ್, ಪಟಿಕ, ನುಗ್ಗೆ ಬೀಜದ ಪುಡಿ ಇವೆಲ್ಲ ಕೆಸರನ್ನೂ ಬಣ್ಣ-ವಾಸನೆಯನ್ನೂ ಒಂದಿಷ್ಟು ಮಟ್ಟಿಗೆ ತೆಗೆಯುವ ಉಪಾಯಗಳು. ಕೆಸರು ನೀರಿನಲ್ಲಿ ತೇಲಾಡುವ ಕಣ, ಅದನ್ನು ಹಿಡಿದು ನಿಲ್ಲಿಸಬಹುದು. ಉಪ್ಪು ಹಾಗಲ್ಲ, ಅದು ನೀರಿನೊಳಗೆ ಕರಗಿ ಒಂದಾಗಿರುತ್ತದೆ, ನೀರು ನುಸುಳುವ ಸಂದಿಯಲ್ಲೆಲ್ಲ ಅದೂ ನುಸುಳುತ್ತದೆ. ಬಾವಿಗೆ ಸುಣ್ಣ ಹಾಕಿದರೆ ಉಪ್ಪು ಕಡಿಮೆಯಾಗುವ ಮಾತು ಹಾಗಿರಲಿ, ನೀರಿನ ಕ್ಷಾರ ಏರಿ ಬಾಯಿಗೆ ಇನ್ನೊಂದು ಕೆಟ್ಟ ರುಚಿ ಸೇರುತ್ತದೆ. ಇದ್ದಿಲು ಬಾವಿಯ ತಳದಲ್ಲಿ ಕೊಳೆಯಾಗಿ ಕೂರುತ್ತದೆ.

ಕಡಲ ನೀರನ್ನು ಕುಡಿದರೆ ಬಾಯಾರಿಕೆ ಏಕೆ ಹೆಚ್ಚುತ್ತದೆ ಎಂದು ಹಲವರು ಕೇಳುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಬಳಸುತ್ತೇವೆ, ಆದರೆ ಮೂತ್ರಪಿಂಡಕ್ಕೆ ಅದು ಅಕ್ಷರಶಃ ನಿಜ. ದೇಹಕ್ಕೆ ಸೇರಿದ ಹೆಚ್ಚುವರಿ ಉಪ್ಪು ಹೊರಹೋಗುವುದು ಮೂತ್ರದಲ್ಲಿ ಕರಗಿ, ಮತ್ತು ಮನುಷ್ಯನ ಮೂತ್ರಪಿಂಡ ಎಷ್ಟೇ ದುಡಿದರೂ ಮೂತ್ರದ ಉಪ್ಪಿನಂಶ ಸುಮಾರು ನೂರಕ್ಕೆ ಎರಡನ್ನು ದಾಟಲಾರದು. ಕಡಲ ನೀರಿನಲ್ಲಿರುವುದು ನೂರಕ್ಕೆ ಮೂರೂವರೆ. ಒಂದು ಲೀಟರ್ ಕುಡಿದವನು ಅದರ ಉಪ್ಪನ್ನು ಹೊರಹಾಕಲು ಒಂದೂವರೆ ಲೀಟರಿಗಿಂತ ಹೆಚ್ಚು ಮೂತ್ರ ಮಾಡಬೇಕು, ಆ ಹೆಚ್ಚಿನ ನೀರು ಬರುವುದು ಅವನ ಮೈಯೊಳಗಿನಿಂದಲೇ. ಇದರ ಮೇಲೆ ಮೆಗ್ನೀಷಿಯಂ ಮತ್ತು ಸಲ್ಫೇಟ್ ಸೇರಿ ಭೇದಿ ತರುತ್ತವೆ. ಅವೆರಡೂ ಕೂಡಿದ ಲವಣವನ್ನು ವೈದ್ಯರು ಹಿಂದಿನಿಂದಲೂ ಹೊಟ್ಟೆ ಸಡಿಲಿಸಲು ಕೊಡುತ್ತಿದ್ದರು. ಹೀಗೆ ಎರಡು ದಾರಿಯಲ್ಲಿ ನೀರು ಕಳೆದುಕೊಂಡ ದೇಹ ಕುಡಿಯುವ ಮೊದಲಿಗಿಂತ ಹೆಚ್ಚು ಒಣಗುತ್ತದೆ. ವಾರಗಟ್ಟಲೆ ಆಳಸಮುದ್ರಕ್ಕೆ ಹೋಗುವ ನಿಮ್ಮೂರಿನ ಬೋಟುಗಳು ಐಸು ಮತ್ತು ಡೀಸೆಲ್ ಜೊತೆಗೆ ಕುಡಿಯುವ ನೀರನ್ನೂ ತುಂಬಿಸಿಕೊಂಡೇ ಬಂದರು ಬಿಡುವುದು ಏಕೆಂದು ಬೋಟು ನಡೆಸುವ ಯಾವ ತಂಡೇಲನಿಗೂ ನಾನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಟ್ಯಾಂಕರ್ ನೀರಿಗೆ ಸ್ವಲ್ಪ ಕಡಲ ನೀರು ಬೆರೆಸಿ ಪೂರೈಸಿಕೊಳ್ಳಬಹುದೇ? ಇದನ್ನು ನೀವು ಕೇಳಿಲ್ಲ, ಆದರೆ ಈ ಲೆಕ್ಕ ಮಾಡಿದರೆ ನಿಮ್ಮ ಬಾವಿಯ ಸಂಗತಿಯೂ ಬಿಡಿಸಿಕೊಳ್ಳುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 1000 ಮಿಲಿಗ್ರಾಂವರೆಗೆ ಸಹಿಸಿಕೊಳ್ಳಬಹುದು. ಕಡಲ ನೀರಿನಲ್ಲಿರುವುದು 19,000. ಒಂದು ಕೊಡ ಕಡಲ ನೀರನ್ನು ಸ್ವೀಕಾರಾರ್ಹ ಮಟ್ಟಕ್ಕೆ ತರಲು ಎಪ್ಪತ್ತೈದು ಕೊಡ ಒಳ್ಳೆಯ ನೀರು ಬೇಕು. ಬೇರೆ ರೀತಿಯಲ್ಲಿ ಹೇಳುವುದಾದರೆ ನೂರು ಕೊಡ ಸಿಹಿನೀರಿಗೆ ಎರಡು ಕೊಡ ಸೇರಿದರೆ ರುಚಿ ಕೆಡುತ್ತದೆ, ಐದು ಕೊಡ ಸೇರಿದರೆ ನೀರು ಸಹನೆಯ ಕೊನೆಯ ಗೆರೆ ಮುಟ್ಟುತ್ತದೆ. ಮಾರ್ಚ್ ಕೊನೆಗೆ ನಿಮ್ಮ ಬಾವಿಗೆ ಕಡಲೇ ಬಂದು ನುಗ್ಗಿದೆ ಎಂದು ನೀವು ಹೆದರಿದಂತಿದೆ. ಆದರೆ ಬಾವಿ ನೀರು ಉಪ್ಪೆನಿಸಲು ನೂರರಲ್ಲಿ ನಾಲ್ಕೈದು ಪಾಲು ಸಾಕು, ಅದು ಹಿಮ್ಮೆಟ್ಟಿಸಲಾಗದ ಪ್ರಮಾಣವಲ್ಲ.

ಮನೆಬಳಕೆಗೆ ಬರೋಣ. ಇಲ್ಲಿ ಜನರಿಗೆ ಹೆಚ್ಚು ಭ್ರಮೆ ಇದೆ, ಏಕೆಂದರೆ ಕುಡಿಯುವುದಿಲ್ಲವಲ್ಲ, ಹೊರಗಿನಿಂದ ಏನಾಗುತ್ತದೆ ಎಂಬ ಯೋಚನೆ ಸಹಜ. ಬಟ್ಟೆ ಒಗೆಯುವುದನ್ನೇ ನೋಡಿ. ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ ದಾಟಿದರೆ ಮಾನದಂಡ ಅದನ್ನು ಒಪ್ಪುವುದಿಲ್ಲ, ಕಡಲ ನೀರಿನಲ್ಲಿ ಅದು 6000ಕ್ಕೂ ಹೆಚ್ಚು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಸಾಬೂನನ್ನು ಹಿಡಿದು ಮೊಸರಿನಂತೆ ಒಡೆಯುತ್ತವೆ, ನೊರೆ ಬರಬೇಕಾದಲ್ಲಿ ಬೂದುಬಣ್ಣದ ಜಿಡ್ಡು ಬರುತ್ತದೆ, ಅದು ಬಟ್ಟೆಗೂ ಬಾಲ್ದಿಗೂ ಅಂಟುತ್ತದೆ. ತೆಂಗಿನೆಣ್ಣೆಯಿಂದ ಮಾಡಿದ ಸಾಬೂನು ಮಾತ್ರ ಉಪ್ಪುನೀರಿನಲ್ಲೂ ತಕ್ಕಮಟ್ಟಿಗೆ ನೊರೆ ಕೊಡುತ್ತದೆ, ಹಿಂದಿನ ಕಾಲದ ನಾವಿಕರು ಬಳಸುತ್ತಿದ್ದುದೂ ಅದನ್ನೇ. ಡಿಟರ್ಜೆಂಟ್ ಪುಡಿಯಲ್ಲಿ ಕೊಳೆ ಸ್ವಲ್ಪ ಹೋದೀತು. ಆದರೆ ಕೊನೆಯ ಜಾಲಾಡುವ ನೀರೂ ಕಡಲಿನದ್ದೇ ಆದರೆ ನೂಲಿನೊಳಗೆ ಉಪ್ಪು ಉಳಿಯುತ್ತದೆ, ಅದರಲ್ಲಿ ಆ ತೇವ ಹೀರುವ ಮೆಗ್ನೀಷಿಯಂ ಕ್ಲೋರೈಡೂ ಇರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಅಂಥ ಬಟ್ಟೆ ಮಧ್ಯಾಹ್ನ ಒಣಗಿ ಸಂಜೆಗೆ ಮತ್ತೆ ಹಸಿಯಾಗುತ್ತದೆ. ಮಗುವಿನ ಬಟ್ಟೆಗೆ ಇದು ಖಂಡಿತ ಬೇಡ, ಮೈ ಮಡಿಕೆಗಳಲ್ಲಿ ತುರಿಕೆ ಮತ್ತು ಕೆಂಪು ಗಂದೆ ಏಳುತ್ತದೆ.

ಸ್ನಾನವೂ ಹೀಗೆಯೇ. ಎಳ್ಳಮಾವಾಸ್ಯೆಗೆ ಕಡಲಿನಲ್ಲಿ ಮಿಂದು ಬಂದವರು ಮನೆ ಬಾವಿಯ ಒಂದೆರಡು ಕೊಡ ಸಿಹಿನೀರನ್ನು ಮೈಗೆ ಸುರಿದುಕೊಳ್ಳುತ್ತಾರೆ. ಆ ಎರಡು ಕೊಡ ಇಲ್ಲದೆ ದಿನವೂ ಮೀಯುವುದು ಬೇರೆ ಸಂಗತಿ. ಒಣಗಿದ ಉಪ್ಪು ಚರ್ಮವನ್ನು ಬಿರುಕು ಬಿಡಿಸುತ್ತದೆ, ವಯಸ್ಸಾದವರಿಗೆ ಹೆಚ್ಚು. ಬಚ್ಚಲಿನ ಹಂಡೆಯಲ್ಲಿ ಕಾಯಿಸಿದರೆ ತಳಕ್ಕೆ ಗಟ್ಟಿ ಹೆಪ್ಪು ಕಟ್ಟುತ್ತದೆ, ಗೀಸರಿನ ಕಾಯಿಲ್ ಬಹಳ ದಿನ ಬಾಳುವುದಿಲ್ಲ, ನಲ್ಲಿ, ಪಂಪು, ಕಬ್ಬಿಣದ ಪೈಪುಗಳ ಗತಿ ಹೇಳಬೇಕಾಗಿಲ್ಲ. ಸಾಮಾನ್ಯ ಸ್ಟೀಲ್ ಪಾತ್ರೆಗೂ ಕ್ಲೋರೈಡ್ ಸಣ್ಣ ಸಣ್ಣ ತೂತು ಕೊರೆಯುತ್ತದೆ. ಅಡುಗೆಗೆ ಕೇಳುವುದೇ ಬೇಡ. ಗಡಸು ನೀರಿನಲ್ಲಿ ಬೇಳೆ ಸರಿಯಾಗಿ ಬೇಯುವುದಿಲ್ಲ, ಬೆಂದರೂ ತಿನ್ನಲಾಗದಷ್ಟು ಉಪ್ಪು. ಮನೆಯ ದುರಸ್ತಿಗೆ ಸಿಮೆಂಟ್ ಕಲಸುವಾಗಲೂ ಕಡಲ ನೀರನ್ನು ಮುಟ್ಟಬೇಡಿ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ, ಮೀರಿದರೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ ತಾರಸಿಯನ್ನು ಒಡೆಯುತ್ತದೆ. ತೋಟದಲ್ಲಿ ತೆಂಗು ಸ್ವಲ್ಪ ಉಪ್ಪನ್ನು ತಡೆದುಕೊಳ್ಳುತ್ತದೆ. ಮಲ್ಲಿಗೆ ಗಿಡಕ್ಕೆ ಆ ತಾಳ್ಮೆ ಇಲ್ಲ.

ಶೌಚಾಲಯದ ಪ್ರಶ್ನೆ ಮಾತ್ರ ಸ್ವಲ್ಪ ಬೇರೆ, ನೀವು ಕೇಳಿದ್ದರಲ್ಲಿ ತರ್ಕವಿದೆ. ಹಾಂಗ್‌ಕಾಂಗ್ ನಗರದಲ್ಲಿ 1950ರ ದಶಕದ ಕೊನೆಯಿಂದ ಇಂದಿನವರೆಗೆ ಬಹುಪಾಲು ಮನೆಗಳ ಶೌಚಾಲಯಕ್ಕೆ ಬರುವುದು ಕಡಲ ನೀರೇ. ಆದರೆ ಅಲ್ಲಿ ಅದಕ್ಕೆಂದೇ ಪ್ರತ್ಯೇಕ ಕೊಳವೆ ಜಾಲವಿದೆ, ಮನೆಯಿಂದ ಹೊರಟ ಕೊಳಚೆ ನೀರು ಒಳಚರಂಡಿಯಲ್ಲಿ ಹರಿದು ಶುದ್ಧೀಕರಣ ಘಟಕ ಸೇರಿ ಕಡಲಿಗೇ ಹೋಗುತ್ತದೆ. ನಿಮ್ಮ ಮನೆಯಲ್ಲಿ ಅದು ಹೋಗುವುದು ಸೆಪ್ಟಿಕ್ ಟ್ಯಾಂಕಿಗೆ, ಅಲ್ಲಿಂದ ಇಂಗುಗುಂಡಿಗೆ, ಇಂಗುಗುಂಡಿಯಿಂದ ಹೊಯ್ಗೆಗೆ, ಮತ್ತು ಆ ಹೊಯ್ಗೆಯಲ್ಲೇ ನಿಮ್ಮ ಬಾವಿಯೂ ನೆರೆಯವರ ಬಾವಿಯೂ ಇದೆ. ದಿನಕ್ಕೆ ನೂರು ಲೀಟರ್ ಕಡಲ ನೀರು ಸುರಿದರೆ ಮೂರೂವರೆ ಕಿಲೋ ಉಪ್ಪನ್ನು ನೀವೇ ಅಂಗಳಕ್ಕೆ ಇಂಗಿಸಿದಂತೆ. ಇದಲ್ಲದೆ ಉಪ್ಪು ಹೆಚ್ಚಾದರೆ ಟ್ಯಾಂಕಿನಲ್ಲಿ ಮಲ ಕೊಳೆಯಿಸುವ ಸೂಕ್ಷ್ಮಜೀವಿಗಳ ಕೆಲಸ ಕುಂಟುತ್ತದೆ, ಸಲ್ಫೇಟಿನಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟಿ ಕಾಂಕ್ರೀಟನ್ನು ತಿನ್ನುತ್ತದೆ. ಶೌಚಾಲಯಕ್ಕೆ ನಿಮ್ಮ ಉಪ್ಪಾದ ಬಾವಿಯ ನೀರು ಸಾಕು. ಬಟ್ಟೆ ಜಾಲಾಡಿದ ಟ್ಯಾಂಕರ್ ನೀರನ್ನು ಬಾಲ್ದಿಯಲ್ಲಿ ಹಿಡಿದಿಟ್ಟು ಹಾಕುವುದು ಅದಕ್ಕಿಂತಲೂ ಒಳ್ಳೆಯದು.

ಮನೆಯ ಆರ್‌ಒ ಯಂತ್ರದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅದು ಉಪ್ಪು ತೆಗೆಯುತ್ತದೆ ಎಂಬುದು ನಿಜ. ಒಂದು ತೆಳುಪೊರೆಯ ಮೂಲಕ ನೀರನ್ನು ಒತ್ತಿ ದಾಟಿಸಿ ಉಪ್ಪನ್ನು ಹಿಂದುಳಿಸುವುದು ಅದರ ಕೆಲಸ. ಆದರೆ ನೀರು ಸಹಜವಾಗಿ ಹರಿಯಬಯಸುವುದು ಸಿಹಿಯ ಕಡೆಯಿಂದ ಉಪ್ಪಿನ ಕಡೆಗೆ. ಅದನ್ನು ಉಲ್ಟಾ ದಿಕ್ಕಿಗೆ ತಳ್ಳಬೇಕಾದರೆ ಮೊದಲು ಆ ಸೆಳೆತವನ್ನು ಮೀರುವ ಒತ್ತಡ ಬೇಕು. ಕಡಲ ನೀರಿನಲ್ಲಿ ಈ ಸೆಳೆತ ಸುಮಾರು 27 ವಾಯುಭಾರದಷ್ಟು, ಎಂದರೆ ಕಾರ್ಕಳದ 42 ಅಡಿಯ ಗೊಮ್ಮಟನನ್ನು ಒಂದರ ಮೇಲೊಂದರಂತೆ ಇಪ್ಪತ್ತೊಂದು ಬಾರಿ ನಿಲ್ಲಿಸಿದರೆ ಆಗುವ ಎತ್ತರದ ನೀರಿನ ಭಾರ. ದೊಡ್ಡ ಸ್ಥಾವರಗಳು ಇದರ ಎರಡು ಪಟ್ಟಿಗಿಂತ ಹೆಚ್ಚು ಒತ್ತಡ ಹಾಕುತ್ತವೆ. ಅಡುಗೆಮನೆಯ ಯಂತ್ರದ ಪುಟ್ಟ ಪಂಪು ಕೊಡುವುದು ಐದಾರು ವಾಯುಭಾರ. ಅದಕ್ಕೆ ಕಡಲ ನೀರು ಹಾಕಿದರೆ ಒಂದು ಹನಿ ಸಿಹಿನೀರೂ ಹೊರಬರುವುದಿಲ್ಲ, ಪೊರೆ ಹಾಳಾಗುವುದೊಂದೇ ಲಾಭ.

ಕಡಲ ನೀರನ್ನು ಸಿಹಿಗೊಳಿಸುವ ವಿದ್ಯೆ ಇಲ್ಲವೆಂದಲ್ಲ. ಚೆನ್ನೈಯ ಮೀಂಜೂರಿನಲ್ಲಿ 2010ರಿಂದ, ನೆಮ್ಮೇಲಿಯಲ್ಲಿ 2013ರಿಂದ ದಿನಕ್ಕೆ ತಲಾ ಹತ್ತು ಕೋಟಿ ಲೀಟರ್ ಸಾಮರ್ಥ್ಯದ ಸ್ಥಾವರಗಳಿವೆ. ನಮ್ಮ ಮಂಗಳೂರಿನ ತಣ್ಣೀರುಬಾವಿಯಲ್ಲೂ ಎಂಆರ್‌ಪಿಎಲ್ ತನ್ನ ತೈಲ ರಿಫೈನರಿಗಾಗಿ ಅಂಥದ್ದೊಂದನ್ನು ಕಟ್ಟಿಕೊಂಡಿದೆ. ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ವಿದ್ಯುತ್ ಬೇಕು, ಒಳಬಂದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ದಪ್ಪ ಉಪ್ಪುನೀರಾಗಿ ಹಿಂದೆ ಹೋಗುತ್ತದೆ. ಊರಿಗೆ, ಕಾರ್ಖಾನೆಗೆ ಇದು ಸರಿ, ಮನೆಯೊಂದಕ್ಕೆ ಅಲ್ಲ. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಿಂದ ಬೇರೊಂದು ವಿಧಾನ ನಡೆಯುತ್ತಿದೆ: ಮೇಲಿನ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಅದನ್ನು ಮತ್ತೆ ನೀರಾಗಿಸುತ್ತಾರೆ. ದ್ವೀಪದ ಅಂಚಿನಲ್ಲೇ ಕಡಲು ನೂರಾರು ಮೀಟರ್ ಆಳಕ್ಕೆ ಇಳಿಯುವುದರಿಂದ ಅಲ್ಲಿ ಅದು ಸಾಧ್ಯವಾಯಿತು. ಮಲ್ಪೆಯಿಂದ ಅಷ್ಟು ಆಳ ಸಿಗಬೇಕಾದರೆ ಹತ್ತಾರು ಕಿಲೋಮೀಟರ್ ಹೋಗಬೇಕು.

ಮನೆಯಲ್ಲೇ ಕಾಯಿಸಿ ಆವಿ ಹಿಡಿಯುವ ಯೋಚನೆ ಇದ್ದರೆ ಲೆಕ್ಕ ಕೇಳಿ. ಒಂದು ಅಡುಗೆ ಅನಿಲದ ಸಿಲಿಂಡರ್ ಪೂರ್ತಿ ಉರಿಸಿದರೆ ಸಿಗುವುದು ಹೆಚ್ಚೆಂದರೆ ನೂರೈವತ್ತು ಲೀಟರ್ ನೀರು. ಗ್ರಾಮೀಣ ಮನೆಗೆ ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಜಲಜೀವನ ಮಿಷನ್ ಇಟ್ಟುಕೊಂಡ ಅಳತೆ. ಆ ಲೆಕ್ಕದಲ್ಲಿ ನಿಮ್ಮ ಐದು ಜನಕ್ಕೆ ದಿನಕ್ಕೆ ಎರಡು ಸಿಲಿಂಡರ್ ಬೇಕು. ಬಿಸಿಲಿನಿಂದ ಆವಿ ಹಿಡಿಯುವ ಗಾಜಿನ ಪೆಟ್ಟಿಗೆ ಖರ್ಚಿಲ್ಲದ ಉಪಾಯ, ಒಳ್ಳೆಯ ಬಿಸಿಲಿದ್ದ ದಿನ ಒಂದು ಚದರ ಮೀಟರಿಗೆ ಮೂರ್ನಾಲ್ಕು ಲೀಟರ್ ಕೊಡುತ್ತದೆ. ಕುಡಿಯುವಷ್ಟಕ್ಕೆ ಇಟ್ಟುಕೊಳ್ಳಬಹುದು, ಆದರೆ ಗಾಜು ತೊಳೆಯುವ, ಉಪ್ಪು ಕೆರೆಯುವ ಕೆಲಸವನ್ನು ಎರಡನೇ ಬೇಸಿಗೆಯಲ್ಲೂ ಮಾಡಿದ ಮನೆಗಳನ್ನು ನಾನು ಹೆಚ್ಚು ಕಂಡಿಲ್ಲ.

ಇನ್ನು ನಿಮ್ಮ ಬಾವಿ. ತಣ್ಣೀರುಬಾವಿ ಎಂಬ ಹೆಸರನ್ನೇ ಸ್ವಲ್ಪ ಯೋಚಿಸಿ. ಪಡುವಿಗೆ ಕಡಲು, ಮೂಡಿಗೆ ಗುರುಪುರ ಹೊಳೆ, ನಡುವೆ ಹೊಯ್ಗೆಯ ನಾಲಗೆ, ನಿಮ್ಮ ಪಡುಕರೆಯಂಥದ್ದೇ ಜಾಗ. ಅಂಥಲ್ಲಿ ಸಿಹಿನೀರಿನ ಬಾವಿ ಸಿಗುವುದು ಪವಾಡವೇನಲ್ಲ. ಹೊಯ್ಗೆಯ ಮೇಲೆ ಬಿದ್ದ ಮಳೆನೀರು ಇಂಗಿ ಇಳಿದು, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೇಲುತ್ತದೆ. ಸಿಹಿನೀರು ಒಂದು ತೂಗಿದರೆ ಅಷ್ಟೇ ಅಳತೆಯ ಕಡಲ ನೀರು 1.025 ತೂಗುತ್ತದೆ, ಈ ಅಲ್ಪ ವ್ಯತ್ಯಾಸದಿಂದಾಗಿ ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತು ಅಡಿಯಷ್ಟು ಸಿಹಿನೀರು ಇರುತ್ತದೆ. ನೂರು ವರ್ಷಕ್ಕೂ ಹಿಂದೆ ಯುರೋಪಿನ ಕಡಲ ತೀರದ ಹೊಯ್ಗೆಯಲ್ಲಿ ಖೈಬೆನ್ ಮತ್ತು ಹರ್ಜ್‌ಬರ್ಗ್ ಎಂಬಿಬ್ಬರು ಬೇರೆ ಬೇರೆಯಾಗಿ ಕಂಡುಕೊಂಡ ಸೂತ್ರ ಇದು. ನೆಲದಲ್ಲಿ ಗೆರೆ ಎಳೆದಂತೆ ಹೀಗೇ ಇರುತ್ತದೆಂದಲ್ಲ, ನಡುವೆ ಚಪ್ಪೆ-ಉಪ್ಪು ಬೆರೆತ ಪದರವೊಂದು ಉಬ್ಬರ-ಇಳಿತಕ್ಕೆ ಓಲಾಡುತ್ತಿರುತ್ತದೆ. ಆದರೂ ಸೂತ್ರದ ಇನ್ನೊಂದು ಮುಖ ನಿಮಗೆ ಮುಖ್ಯ. ಮೇಲೆ ನೀರು ಅರ್ಧ ಅಡಿ ಕುಸಿದರೆ ಕೆಳಗಿನ ಉಪ್ಪು ಇಪ್ಪತ್ತು ಅಡಿ ಮೇಲೇರಲು ಹವಣಿಸುತ್ತದೆ, ಪಂಪು ಜೋರಾಗಿ ಎಳೆಯುವಲ್ಲಿ ಅದು ಹುತ್ತದಂತೆ ಶಂಕುವಾಗಿ ಏಳುತ್ತದೆ.

ನೀವು ಮಾಡಿದ್ದು ಎರಡು ಕೆಲಸ. ಬಾವಿಯ ತಳವನ್ನು ಉಪ್ಪಿಗೆ ಆರು ಅಡಿ ಹತ್ತಿರ ಒಯ್ದಿರಿ, ಮತ್ತು ಗಂಟೆಗೆ ಸಾವಿರಾರು ಲೀಟರ್ ಎಳೆಯುವ ಪಂಪನ್ನು ಆ ತಳದಲ್ಲೇ ಕೂರಿಸಿದಿರಿ. ರಾಟೆ ಮತ್ತು ಕೊಡಪಾನದ ಕಾಲದಲ್ಲಿ ಎಷ್ಟು ಸೇದಿದರೂ ನೀರು ಬರುತ್ತಿದ್ದುದು ಮೇಲಿನ ಪದರದಿಂದ, ಸೇದುವವರ ರಟ್ಟೆಯೇ ಅದಕ್ಕೆ ಮಿತಿ ಹಾಕುತ್ತಿತ್ತು.

ಪರೀಕ್ಷೆ ಮಾಡಿಯೇ ಮುಂದುವರಿಯಿರಿ. ಪಂಪನ್ನು ಒಂದು ರಾತ್ರಿ ಪೂರ್ತಿ ನಿಲ್ಲಿಸಿ, ಬೆಳಿಗ್ಗೆ ಮೇಲ್ಮೈಯಿಂದ ಒಂದು ಬಾಟಲಿ ತುಂಬಿಕೊಳ್ಳಿ. ಇನ್ನೊಂದು ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ತಳಕ್ಕೆ ಇಳಿಸಿ, ಅಲ್ಲಿ ಬಿರಡೆ ಎಳೆದು ತುಂಬಿಸಿ. ಎರಡರ ಕ್ಲೋರೈಡನ್ನೂ ನೋಡಿಸಿ. ಇಂಥದ್ದೇ ಹೊಯ್ಗೆ ಬಾವಿಯೊಂದರಲ್ಲಿ ಮೇಲಿನ ಬಾಟಲಿಯ ನೀರನ್ನು ಮನೆಯೊಡತಿ ಕುಡಿದು ‘ಇದು ನಮ್ಮ ಬಾವಿಯದ್ದೇ?’ ಎಂದು ಎರಡು ಬಾರಿ ಕೇಳಿದ್ದರು, ತಳದ ನೀರನ್ನು ಬಾಯಿಗಿಟ್ಟು ಉಗುಳಿದ್ದರು. ಮೇಲಿನದು ಸಿಹಿಯಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಪಂಪನ್ನು ಅರ್ಧ ಎಚ್‌ಪಿಗೆ ಇಳಿಸಿ, ಫುಟ್‌ವಾಲ್ವನ್ನು (ನೀರೆಳೆಯುವ ಪೈಪಿನ ತುದಿಯ ಕವಾಟ) ಸಣ್ಣ ಡ್ರಮ್ಮಿಗೆ ಕಟ್ಟಿ ನೀರಿನ ಮೇಲ್ಮೈಯಿಂದ ಎರಡು ಅಡಿ ಕೆಳಗೆ ತೇಲುವಂತೆ ಮಾಡಿ, ದಿನಕ್ಕೆ ಒಮ್ಮೆ ಟ್ಯಾಂಕ್ ತುಂಬಿಸುವ ಬದಲು ನಾಲ್ಕೈದು ಬಾರಿ ಹತ್ತು ನಿಮಿಷದಂತೆ ಎಳೆಯಿರಿ. ಎರಡೂ ಒಂದೇ ರೀತಿ ಉಪ್ಪಿದ್ದರೆ ಹೊಸದಾಗಿ ತೋಡಿದ ಆರು ಅಡಿಯನ್ನು ಮಳೆಗಾಲಕ್ಕೆ ಮುಂಚೆ ಜೇಡಿಮಣ್ಣು ಮತ್ತು ಮೇಲೆ ತೊಳೆದ ಹೊಯ್ಗೆ ಹಾಕಿ ಮುಚ್ಚಿಸಬೇಕು. ಇದರಲ್ಲಿ ನಷ್ಟವೂ ಇದೆ, ಏಪ್ರಿಲ್-ಮೇ ತಿಂಗಳಲ್ಲಿ ಬಾವಿ ಕೊಡುವ ನೀರು ಕಡಿಮೆಯಾಗುತ್ತದೆ. ಬಾವಿ ಸುಧಾರಿಸಲು ಒಂದು ಮಳೆಗಾಲ ಸಾಕಾಗದೆಯೂ ಇರಬಹುದು, ನೆರೆಯವರ ದೊಡ್ಡ ಪಂಪು ನಡೆಯುತ್ತಲೇ ಇದ್ದರೆ ನಿಮ್ಮೊಬ್ಬರ ಸಂಯಮದಿಂದ ಪೂರ್ತಿ ಫಲ ಸಿಗುವುದೂ ಇಲ್ಲ.

ಪರೀಕ್ಷೆಯಲ್ಲಿ ನೈಟ್ರೇಟನ್ನೂ ನೋಡಿಸಿ. ಕ್ಲೋರೈಡಿನ ಜೊತೆ ನೈಟ್ರೇಟೂ ಏರಿದ್ದರೆ ಉಪ್ಪಿನ ಒಂದು ಪಾಲು ಇಂಗುಗುಂಡಿಯಿಂದ ಬರುತ್ತಿದೆ ಎಂದರ್ಥ, ಆಗ ಕಡಲನ್ನು ದೂರಿ ಪ್ರಯೋಜನವಿಲ್ಲ.

ಅಂಗಡಿಯವರು ಹೇಳಿದ ಸಾಫ್ಟನರ್ ಖರೀದಿಸಬೇಡಿ. ಅದು ಗಡಸುತನದ ಕ್ಯಾಲ್ಸಿಯಂ-ಮೆಗ್ನೀಷಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುವ ಯಂತ್ರ, ಉಪ್ಪುನೀರಿನ ಮನೆಗೆ ತದ್ವಿರುದ್ಧ ಮದ್ದು. ಪೈಪಿಗೆ ಸುತ್ತುವ ಅಯಸ್ಕಾಂತದ ಸಾಧನಗಳು ಒಂದು ಕಣ ಉಪ್ಪನ್ನೂ ತೆಗೆಯುವುದಿಲ್ಲ. ಬಾವಿ ನೀರಿನಲ್ಲಿ ಕರಗಿದ ಲವಣ ಒಟ್ಟು ಲೀಟರಿಗೆ 2000 ಮಿಲಿಗ್ರಾಂ ಒಳಗಿದ್ದರೆ ಮನೆಯ ಆರ್‌ಒ ಕುಡಿಯುವಷ್ಟಕ್ಕೆ ಕೆಲಸ ಮಾಡುತ್ತದೆ. ಅದು ಹೊರಬಿಡುವ ಉಪ್ಪುನೀರನ್ನು ಬಾವಿಕಟ್ಟೆಯ ಬುಡಕ್ಕೆ ಚೆಲ್ಲದೆ ಶೌಚಾಲಯಕ್ಕೆ ಬಳಸಿ. ಬೋರ್‌ವೆಲ್ ನಿಮ್ಮ ಜಾಗದಲ್ಲಿ ಬೇಡವೇ ಬೇಡ. ತೇಲುವ ಸಿಹಿನೀರನ್ನು ಬಿಟ್ಟು ಕೆಳಗಿನ ಉಪ್ಪಿಗೆ ಕೊಳವೆ ಇಳಿಸಿದಂತಾಗುತ್ತದೆ.

ನಿಮ್ಮ ತಾಯಿಯ ಮತ್ತು ಮಗುವಿನ ಸಂಗತಿಯನ್ನು ನಾನು ಬಾವಿ ಸುಧಾರಿಸುವವರೆಗೆ ಕಾಯಿಸುವುದಿಲ್ಲ. ಕ್ಲೋರೈಡ್ 1000 ಮಿಲಿಗ್ರಾಂ ಇರುವ ಕಡಲ ಮಿಶ್ರಿತ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ನೀರಿನಿಂದಲೇ ಸುಮಾರು ಮೂರು ಗ್ರಾಂ ಉಪ್ಪು ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನದ ಊಟಕ್ಕೆಲ್ಲ ಸೇರಿ ಹೇಳುವ ಮಿತಿ ಐದು ಗ್ರಾಂ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು ಬೇರೆ. ರಕ್ತದೊತ್ತಡಕ್ಕೆ ಮಾತ್ರೆ ಬರೆಯುವ ವೈದ್ಯರಿಗೆ ಬಾವಿ ಉಪ್ಪಾಗಿರುವ ವಿಷಯ ತಿಳಿಸಿ, ಅವರು ಕೇಳದೆ ಇರಬಹುದು. ಮಗುವಿಗೆ ಹಾಲಿನ ಪುಡಿ, ಗಂಜಿ, ಮತ್ತು ಭೇದಿಯಾದಾಗ ಕೊಡುವ ಓಆರ್‌ಎಸ್ ಪುಡಿ ಇವನ್ನು ಉಪ್ಪು ಬಾವಿಯ ನೀರಿನಲ್ಲಿ ಎಂದೂ ಕಲಸಬೇಡಿ. ಪೊಟ್ಟಣದ ಉಪ್ಪನ್ನು ಸಿಹಿನೀರಿಗೆ ಸರಿಯಾಗುವಂತೆ ಅಳೆದು ಹಾಕಿರುತ್ತಾರೆ, ಎಳೆಯ ಮೂತ್ರಪಿಂಡ ಅದಕ್ಕಿಂತ ಹೆಚ್ಚನ್ನು ತಡೆಯದು.

ಕುಡಿಯುವುದಕ್ಕೂ ಅಡುಗೆಗೂ ದಿನಕ್ಕೆ ಹದಿನೈದು ಇಪ್ಪತ್ತು ಲೀಟರ್ ಸಾಕು. ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ತೊಂಬತ್ತರಿಂದ ನೂರು ದಿನ ಎಂದಿಟ್ಟುಕೊಂಡರೆ ಒಂದು 2000 ಲೀಟರಿನ ಟ್ಯಾಂಕಿ ನಿಮ್ಮ ಇಡೀ ಬೇಸಿಗೆಯನ್ನು ದಾಟಿಸುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನೂರು ಚದರ ಮೀಟರ್ ಮಾಡಿನ (ಛಾವಣಿಯ) ಮೇಲೆ ಬೀಳುವುದು ಮೂರೂವರೆ ಲಕ್ಷ ಲೀಟರ್, ಅದರಲ್ಲಿ ನಿಮಗೆ ಬೇಕಾದದ್ದು ಒಂದು ಚಿಟಿಕೆ. ಮಾಡು ಚೆನ್ನಾಗಿ ತೊಳೆದುಹೋದ ಮೇಲೆ, ಸೆಪ್ಟೆಂಬರ್-ಅಕ್ಟೋಬರಿನ ಮಳೆಯನ್ನು ಜಲ್ಲಿ-ಹೊಯ್ಗೆಯ ಸೋಸುವ ಡ್ರಮ್ಮಿನ ಮೂಲಕ ಇಳಿಸಿ, ಬೆಳಕು ಬೀಳದ ಕಪ್ಪು ಟ್ಯಾಂಕಿಯಲ್ಲಿ ತುಂಬಿ, ಬಾಯಿಗೆ ಸೊಳ್ಳೆ ಬಲೆ ಕಟ್ಟಿ. 2000 ಲೀಟರಿಗೆ ಐದು ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಕುಡಿಯುವಾಗ ಕುದಿಸಿ ಆರಿಸಿ, ಕಾಯಿಸುವುದಕ್ಕೆ ಅರ್ಥ ಬರುವುದು ಈ ನೀರಿನಲ್ಲಿ. ಮಳೆನೀರನ್ನು ಬಾವಿಗೇ ಬಿಡಿ ಎಂದು ನಿಮಗೆ ಹೇಳುವವರಿದ್ದಾರೆ. ಕೆಡುಕೇನಿಲ್ಲ, ಆದರೆ ಹೊಯ್ಗೆಯಲ್ಲಿ ಆಟಿ ತಿಂಗಳಿಗೇ (ಜುಲೈ-ಆಗಸ್ಟ್) ಬಾವಿ ತುಂಬಿರುತ್ತದೆ, ಆಗ ಬಿಟ್ಟದ್ದರಲ್ಲಿ ಹೆಚ್ಚಿನದು ಬೇಸಿಗೆಗೆ ಮುಂಚೆ ಕಡಲಿಗೂ ಹೊಳೆಗೂ ಸೋರಿಹೋಗುತ್ತದೆ. ಬಾವಿಗೆ ಅದಕ್ಕಿಂತ ಹೆಚ್ಚು ಉಪಕಾರ ಮಾಡುವುದು ಮೂಡಿನ ಹೊಳೆಗೆ ಉಪ್ಪುನೀರು ಏರದಂತೆ ತಡೆಯುವ ಕಿಂಡಿ ಅಣೆಕಟ್ಟು, ಅದೂ ಹಲಗೆಗಳನ್ನು ಮಳೆ ನಿಂತೊಡನೆ ಹಾಕಿದರೆ. ಜನವರಿಯಲ್ಲಿ ಹಲಗೆ ಹಾಕಿ, ಆಗಲೇ ಒಳಗೆ ಬಂದಿದ್ದ ಉಪ್ಪುನೀರನ್ನು ಜೋಪಾನವಾಗಿ ಕಟ್ಟಿಹಾಕಿದ್ದನ್ನೂ ನಾನು ಕಂಡಿದ್ದೇನೆ.

ಕೊನೆಯದಾಗಿ ನಿಮ್ಮ ತಾಯಿಯ ಪ್ರಶ್ನೆ. ಬೋಟಿನಲ್ಲಿ ದಡದಿಂದ ದೂರದ ನೀರಿನಲ್ಲಿ ಮೀನು ತೊಳೆಯುವುದನ್ನು ಅವರು ನೋಡಿರುತ್ತಾರೆ, ಅದರಲ್ಲಿ ತಪ್ಪಿಲ್ಲ. ದಡದ ನೀರಿನಲ್ಲಿ ಹೊಳೆ ತಂದ ಕೊಳಚೆಯೂ ಬಂದರಿನ ಡೀಸೆಲ್ ಪಸೆಯೂ ಇರುವುದರಿಂದ ಅದನ್ನು ಕೊಡದಲ್ಲಿ ಮನೆಗೆ ತರುವುದು ಬೇಡ. ಪೊರೆ ತೆಗೆದು ಮೊದಲ ಎರಡು ಸಲ ತೊಳೆಯಲು ನಿಮ್ಮ ಬಾವಿಯ ಉಪ್ಪುನೀರು ಸಾಕು, ಕತ್ತರಿಸಿದ ಮೇಲಿನ ಕೊನೆಯ ನೀರು ಮಾತ್ರ ಟ್ಯಾಂಕರಿನದ್ದಾಗಿರಲಿ, ಮತ್ತು ಆ ದಿನ ಮೀನಿನ ಗಸಿಗೆ (ಸಾರಿಗೆ) ಉಪ್ಪು ಹಾಕುವ ಮೊದಲು ಒಮ್ಮೆ ರುಚಿ ನೋಡಲಿ.